ಒಂದಕ್ಕೊಂದು ಒಗ್ಗುವ ಸಾಮಾನು

2023ರ ಏಪ್ರಿಲ್. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೆಯ ದಿನ ನನ್ನ ಮಗ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ಹರಿದು ತಂದು ನನ್ನ ಮುಂದಿಟ್ಟ. ಎಡಗಡೆ ಸಾಮಾನಿನ ಹೆಸರು, ಬಲಗಡೆ ಬೆಲೆ, ಕೆಳಗೆ ಎರಡು ಗೆರೆ ಎಳೆದು ಮೊತ್ತ. 60 ಸಾವಿರ ರೂಪಾಯಿಗೆ ಸರಿಯಾಗಿ ನಿಂತಿತ್ತು. ಪರೀಕ್ಷೆ ಮುಗಿಯಲಿ, ಗೇಮ್ ಆಡುವ ಕಂಪ್ಯೂಟರ್ ತರೋಣ ಎಂದು ನಾನೇ ಮಾತು ಕೊಟ್ಟಿದ್ದೆ. ಕಂಪನಿಯವರು ಜೋಡಿಸಿ ಕೊಡುವ ಪೆಟ್ಟಿಗೆ ಅವನಿಗೆ ಬೇಡ. ಬಿಡಿಭಾಗಗಳನ್ನು ಆರಿಸಿ ತಂದು ಮನೆಯಲ್ಲಿ ತಾನೇ ಜೋಡಿಸಬೇಕು. ಆ ಹಟ ನನಗೂ ಇಷ್ಟವಾಯಿತು.

ಪಟ್ಟಿಯಲ್ಲಿದ್ದ ಒಂದೊಂದು ಸಾಮಾನೂ ಒಳ್ಳೆಯದೇ. ಪ್ರೊಸೆಸರ್ ರೈಜೆನ್ 5 7600, ಆ ವರ್ಷದ ಜನವರಿಯಲ್ಲಷ್ಟೇ ಪೇಟೆಗೆ ಬಂದದ್ದು. ಮದರ್‌ಬೋರ್ಡ್ ಬಿ450, ಗೆಳೆಯನ ಮನೆಯಲ್ಲಿ ನಾಲ್ಕು ವರ್ಷದಿಂದ ತಕರಾರಿಲ್ಲದೆ ದುಡಿಯುತ್ತಿರುವಂಥದ್ದು. ರ‍್ಯಾಮ್ ಡಿಡಿಆರ್4, ರಿಯಾಯಿತಿಯಲ್ಲಿ ಸಿಗುತ್ತಿತ್ತು. ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್, ಉದ್ದ 320 ಮಿಲಿಮೀಟರ್. ಗಾಜಿನ ಬಾಗಿಲಿನ ಚಂದದ ಕ್ಯಾಬಿನೆಟ್, ಒಳಗೆ ಕಾರ್ಡಿಗೆ ಬಿಟ್ಟ ಜಾಗ 300 ಮಿಲಿಮೀಟರ್. ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಡಬ್ಬಿ) ಎಂದು ಬರೆದ ಕಡೆ ಬೆಲೆಯ ಜಾಗದಲ್ಲಿ ಸೊನ್ನೆ; ಹಳೆಯ ಕಂಪ್ಯೂಟರಿನದ್ದನ್ನೇ ಬಿಚ್ಚಿ ಹಾಕಿಕೊಳ್ಳುವುದು ಅವನ ಯೋಚನೆ.

ಒಳ್ಳೆಯ ಸಾಮಾನುಗಳ ಪಟ್ಟಿ ಅದು. ಆದರೆ ಆ ಪ್ರೊಸೆಸರ್ ಆ ಬೋರ್ಡಿನಲ್ಲಿ ಕೂರುವುದಿಲ್ಲ. 7600ಕ್ಕೆ ಬೇಕಾದದ್ದು ಎಎಂ5 ಎಂಬ ಸಾಕೆಟ್, ಅದರಲ್ಲಿ 1718 ಸಂಪರ್ಕಬಿಂದುಗಳು. ಬಿ450ಯಲ್ಲಿರುವುದು ಅದರ ಹಿಂದಿನ ಎಎಂ4, 1331 ತೂತುಗಳದ್ದು. ಎಎಂ5 ಬೋರ್ಡನ್ನೇ ತಂದರೂ ಡಿಡಿಆರ್4 ರ‍್ಯಾಮ್ ಅದಕ್ಕೆ ಆಗುವುದಿಲ್ಲ. ಡಿಡಿಆರ್5 ಒಂದೇ ಅದಕ್ಕೆ ಗೊತ್ತು. ಕಾರ್ಡು ಕ್ಯಾಬಿನೆಟ್ಟಿನಿಂದ ಎರಡು ಸೆಂಟಿಮೀಟರ್ ಹೊರಗುಳಿಯುತ್ತದೆ. ಹೀಗೆ ಒಂದೊಂದಾಗಿ ಹೇಳುತ್ತ ಹೋದಾಗ ಹುಡುಗನ ಮುಖ ಸಪ್ಪಗಾಯಿತು. ಅವನ ತಪ್ಪೇನೂ ಇರಲಿಲ್ಲ. ಒಂದು ತಿಂಗಳಿಂದ ಅವನು ನೋಡಿದ ವಿಡಿಯೊಗಳೆಲ್ಲ ಒಂದೊಂದು ಸಾಮಾನನ್ನು ಬೇರೆಬೇರೆಯಾಗಿ ಹೊಗಳುವಂಥವು.

ಆಗ ನಮ್ಮ ಮನೆಯಲ್ಲಿ ಅಪ್ಪ ಇದ್ದರು. ತಿಪಟೂರು ಕಡೆಯ ತೋಟ ಬಿಟ್ಟು ಬೆಂಗಳೂರಿಗೆ ಬರುವವರಲ್ಲ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು ಹದಿನೈದು ದಿನ ಉಳಿದಿದ್ದರು. ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಕೊಳವೆಬಾವಿಗೆ ಪಂಪ್‌ಸೆಟ್ ಇಳಿಸುವ ಕೆಲಸವನ್ನು ನಲವತ್ತು ವರ್ಷ ಕಂಡವರು. ಮೊಮ್ಮಗನ ಹಾಳೆಯನ್ನು ಒಮ್ಮೆ ನೋಡಿ ಹೇಳಿದರು: "ನಮ್ಮ ಪಕ್ಕದ ತೋಟದೋರು ಹಿಂಗೇ ಮಾಡಿದ್ರು ಮಗ. ಅಂಗಡೀಲಿ ಇದ್ದ ಮೋಟ್ರಲ್ಲೆಲ್ಲ ದೊಡ್ಡದು ಕೊಡಿ ಅಂತ ಹತ್ತು ಎಚ್‌ಪಿದು ತಂದ್ರು. ಬಾವೀಲಿ ಇದ್ದ ನೀರು ಮೂರು ಎಚ್‌ಪಿಗಾಗೋಷ್ಟು. ಅರ್ಧ ಗಂಟೆಗೆ ನೀರು ಖಾಲಿ, ಒಣಗಿದ ಬಾವೀಲಿ ಓಡಿ ಮೋಟ್ರು ಸುಟ್ಟೋಯ್ತು. ಒಳ್ಳೆ ಮೋಟ್ರು ಅನ್ನೋದು ಒಂದಿಲ್ಲಪ್ಪ. ಈ ಬಾವಿಗೆ ಒಳ್ಳೇದು ಅಂತ ಇರ್ತದೆ."

ನಾನು ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತು ದುಡಿದವನು. ಮಗನಿಗೆ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಲು ನನಗೆ ಬಂದಿರಲಿಲ್ಲ.

ಅಪ್ಪ ಪಂಪು ಆರಿಸುತ್ತಿದ್ದ ಕ್ರಮ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯಿಂದ ಶುರುಮಾಡುತ್ತಿರಲಿಲ್ಲ. ತೋಟ ಎಷ್ಟು, ಬಾವಿಯಲ್ಲಿ ನೀರು ಎಷ್ಟು, ಎಷ್ಟು ಆಳದಿಂದ ಎತ್ತಬೇಕು, ಇವು ಮೊದಲು. ಅದರ ಮೇಲೆ ಪಂಪಿಗೆ ಎಷ್ಟು ಸ್ಟೇಜು, ಮೋಟಾರಿಗೆ ಎಷ್ಟು ಎಚ್‌ಪಿ. ಆಮೇಲೆ ಪೈಪಿನ ಗಾತ್ರ, ಕೇಬಲ್ಲಿನ ದಪ್ಪ, ಸ್ಟಾರ್ಟರ್. ಕೊನೆಗೆ ಟ್ರಾನ್ಸ್‌ಫಾರ್ಮರಿನಿಂದ ನಮ್ಮ ತೋಟಕ್ಕೆ ಬರುವಷ್ಟರಲ್ಲಿ ವೋಲ್ಟೇಜ್ ಎಷ್ಟು ಉಳಿದಿರುತ್ತದೆ ಎಂಬ ಲೆಕ್ಕ. ಕಂಪ್ಯೂಟರಿಗೂ ನಾವು ಇದೇ ದಾರಿ ಹಿಡಿದೆವು, ತೋಟದ ಕಡೆಯಿಂದ. ಇಲ್ಲಿ ತೋಟ ಅಂದರೆ ಮಾನಿಟರ್. ಮನೆಯಲ್ಲಿದ್ದದ್ದು 24 ಇಂಚಿನದು, ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080. ಸೆಕೆಂಡಿಗೆ 75 ಚಿತ್ರ ತೋರಿಸಬಲ್ಲದು. ಕಾರ್ಡು 200 ಚಿತ್ರ ಬಿಡಿಸಿ ಕೊಟ್ಟರೂ ಈ ಪರದೆ ತೋರಿಸುವುದು 75 ಮಾತ್ರ. ಹಾಗಿದ್ದ ಮೇಲೆ ಮೂರು ಫ್ಯಾನಿನ ಕಾರ್ಡು ಯಾತಕ್ಕೆ? ರೇಡಿಯಾನ್ ಆರ್‌ಎಕ್ಸ್ 6600 ಸಾಕು ಎಂದಾಯಿತು. 8 ಜಿಬಿ ಸ್ವಂತ ಮೆಮೊರಿ, 132 ವ್ಯಾಟ್ ವಿದ್ಯುತ್ತು, ಉದ್ದವೂ ಹಿಡಿತದಲ್ಲಿ. ಅದರ ಜೊತೆ ಹೆಜ್ಜೆ ಹಾಕಲು ರೈಜೆನ್ 5 5600. ಇದು ಎಎಂ4ರದು, ಆದ್ದರಿಂದ ಬಿ450 ಬೋರ್ಡು ಉಳಿಯಿತು, ಡಿಡಿಆರ್4 ರ‍್ಯಾಮೂ ಉಳಿಯಿತು. ಮಗ ಬರೆದದ್ದರಲ್ಲಿ ಅರ್ಧ ಸರಿಯಾಗಿಯೇ ಇತ್ತು ಎಂದಾಗ ಅವನ ಮುಖಕ್ಕೆ ಮತ್ತೆ ಕಳೆ ಬಂತು.

ಇಂಟೆಲ್ ಕಡೆಗೂ ನೋಡಿದ್ದೆವು. ಅದರ ಎಲ್‌ಜಿಎ 1700 ಸಾಕೆಟ್‌ನಲ್ಲಿ 12, 13ನೇ ಪೀಳಿಗೆಯ ಪ್ರೊಸೆಸರ್‌ಗಳು ಕೂರುತ್ತವೆ. ಅದರ ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್4, ಕೆಲವಕ್ಕೆ ಡಿಡಿಆರ್5. ಹೆಸರು ಹೆಚ್ಚುಕಡಿಮೆ ಒಂದೇ, ಕೊನೆಯಲ್ಲಿ 'ಡಿ4' ಎಂಬ ಎರಡು ಅಕ್ಷರವಷ್ಟೇ ವ್ಯತ್ಯಾಸ. ಆ ಎರಡು ಅಕ್ಷರ ನೋಡದೆ ದುಡ್ಡು ಕೊಟ್ಟು ಬಂದವರನ್ನು ನಾನು ಬಲ್ಲೆ. ಪ್ರೊಸೆಸರ್ ಹೆಸರಿನ ಕೊನೆಯ 'ಎಫ್' ಕೂಡ ಹಾಗೆಯೇ. ಅದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕದೆ ಪರದೆ ಬೆಳಗುವುದಿಲ್ಲ. ನಾವು ಆರಿಸಿದ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ.

ಇನ್ನು ಎಸ್‌ಎಂಪಿಎಸ್. ಹಳೆಯ ಪೆಟ್ಟಿಗೆ ಬಿಚ್ಚಿ ಅದನ್ನು ಊಟದ ಮೇಜಿನ ಮೇಲೆ ಇಟ್ಟ ಸಂಜೆ ನನಗೆ ಇಡೀ ಕೆಲಸದಲ್ಲೇ ಹೆಚ್ಚು ಪ್ರಿಯವಾದದ್ದು. ಪಕ್ಕದಲ್ಲಿ ಅಂಟಿಸಿದ ಚೀಟಿಯ ಮೇಲೆ ದಪ್ಪಕ್ಷರದಲ್ಲಿ 500 ವ್ಯಾಟ್ ಎಂದಿತ್ತು. ಪೊರೆ ತೆಗೆಸಿದ ಕಣ್ಣು ತಿಳಿಯಾಗಿದ್ದ ಅಪ್ಪ ಅದನ್ನು ಕೈಗೆತ್ತಿಕೊಂಡು, ದೀಪದ ಕೆಳಗೆ ಹಿಡಿದು, ದಪ್ಪಕ್ಷರ ಬಿಟ್ಟು ಕೆಳಗಿನ ಸಣ್ಣ ಕೋಷ್ಟಕ ಓದತೊಡಗಿದರು. ಮೋಟಾರಿನ ನೇಮ್‌ಪ್ಲೇಟ್ ಓದಿದ ಅಭ್ಯಾಸ ಅದು.

"ನಿನ್ನ ಸಾಮಾನು ಯಾವ ವೋಲ್ಟಲ್ಲಿ ಎಳೀತವೆ ಮಗ?"

"ಪ್ರೊಸೆಸರ್ರು, ಕಾರ್ಡು ಎರಡೂ 12 ವೋಲ್ಟ್ ಲೈನಿಂದ ತಾತ."

"ಅದರ ಕೆಳಗೆ ಎಷ್ಟು ಆಂಪಿಯರ್ ಬರ್ದವ್ರೆ?"

"18."

"ಗುಣಿಸು."

"216 ವ್ಯಾಟ್."

"ಮತ್ತೆ ಮೇಲೆ 500 ಅಂತ ಯಾಕೆ ಬರ್ದವ್ರೆ?"

ಆ ಪ್ರಶ್ನೆಗೆ ಉತ್ತರ ಆ ಕೋಷ್ಟಕದಲ್ಲೇ ಇತ್ತು. ಇವತ್ತಿನ ಕಂಪ್ಯೂಟರಿಗೆ ಅಷ್ಟಾಗಿ ಬೇಡದ 3.3 ವೋಲ್ಟ್, 5 ವೋಲ್ಟ್ ಲೈನುಗಳ ಲೆಕ್ಕವನ್ನೆಲ್ಲ ಕೂಡಿಸಿ ಮೇಲಿನ ಅಂಕಿ ಹಿಗ್ಗಿಸಿದ್ದರು. ನಮ್ಮ ಕಾರ್ಡಿಗೆ 132, ಪ್ರೊಸೆಸರಿಗೆ ಬರೆದಿರುವುದು 65 ಆದರೂ ಹೊರೆ ಬಿದ್ದಾಗ ಇನ್ನಷ್ಟು. ಕೂಡಿಸಿದರೆ 216ರ ಅಂಚಿಗೇ ಬರುತ್ತದೆ. ಅಪ್ಪ ಅಲ್ಲಿಗೂ ನಿಲ್ಲಿಸಲಿಲ್ಲ. "ಮೋಟ್ರು ಶುರುವಾಗೋವಾಗ ಐದಾರು ಪಟ್ಟು ಎಳೀತದೆ. ನಿನ್ನ ಕಾರ್ಡೂ ಹಂಗೆ ಎಳೀತದ?" ಎಂದರು. ಎಳೆಯುತ್ತದೆ. ಐದಾರು ಪಟ್ಟಲ್ಲ, ಆದರೆ ಆಟದ ನಡುವೆ ದೃಶ್ಯ ಬದಲಾದಾಗ ಗ್ರಾಫಿಕ್ಸ್ ಕಾರ್ಡು ಕೆಲವು ಮಿಲಿಸೆಕೆಂಡ್ ಕಾಲ ತನ್ನ ಮಾಮೂಲಿ ಅಳತೆ ಮೀರಿ ಎಳೆಯುತ್ತದೆ. ಆ ಕ್ಷಣವನ್ನು ತಡೆದುಕೊಳ್ಳಲಾರದ ಎಸ್‌ಎಂಪಿಎಸ್ ಸುಮ್ಮನೆ ಆರಿಹೋಗುತ್ತದೆ. ಕೆಟ್ಟದ್ದಾದರೆ ಪಕ್ಕದವನ್ನೂ ಸುಡುತ್ತದೆ. ಸೊನ್ನೆ ಎಂದಿದ್ದ ಜಾಗದಲ್ಲಿ ಮಗ 550 ವ್ಯಾಟಿನ ಹೊಸದೊಂದನ್ನು ಬರೆದ. ಅದರ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ 45 ಆಂಪಿಯರ್ ಇತ್ತು. ಅವನು ಯಾರೂ ಹೇಳದೆ ಗುಣಿಸಿದ: 540.

ಸಾಮಾನು ತರಲು ಎಸ್.ಪಿ. ರೋಡಿಗೆ ಹೋದೆವು. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆದರೆ ಆಯಿತು. ವೈರು, ಎಲ್‌ಇಡಿ, ಬ್ಯಾಟರಿ, ಲ್ಯಾಪ್‌ಟಾಪ್ ಕೀಲಿಮಣೆ, ಹಳೆಯ ಬೋರ್ಡುಗಳ ರಾಶಿ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಎಷ್ಟೋ ಜನ ನಿಜವಾಗಿ ಕಲಿತದ್ದು ಈ ಓಣಿಗಳಲ್ಲೇ. ಆನ್‌ಲೈನಿನಲ್ಲಿ ಇನ್ನೂರು ಮುನ್ನೂರು ಕಡಿಮೆಗೆ ಸಿಕ್ಕೀತು. ಆದರೂ ಮಗ ಒಮ್ಮೆ ಕೌಂಟರಿನ ಮುಂದೆ ನಿಂತು, ಬೋರ್ಡನ್ನು ಕೈಯಲ್ಲಿ ಹಿಡಿದು, ಅಂಗಡಿಯವರ ಜೊತೆ ಮಾತಾಡಿ ಕೊಳ್ಳಲಿ ಎಂದು ನನಗಿತ್ತು. ಒಂದು ಅಂಗಡಿಯಲ್ಲಿ ಬಳಸಿದ ಗ್ರಾಫಿಕ್ಸ್ ಕಾರ್ಡುಗಳನ್ನೂ ತೋರಿಸಿದರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ನಾಣ್ಯದ ಲೆಕ್ಕ ಬಿಡಿಸಲು ಗ್ರಾಫಿಕ್ಸ್ ಕಾರ್ಡು ಬೇಡವಾದ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಪೇಟೆಗೆ ಬಂದಿದ್ದವು. ಬೆಲೆ ಆಕರ್ಷಕವಾಗಿತ್ತು. ಮೊದಲ ಸಲ ಜೋಡಿಸುವ ಹುಡುಗನಿಗೆ ಗ್ಯಾರಂಟಿ ಇರುವ ಸಾಮಾನೇ ಸರಿ ಎಂದು ಬಿಟ್ಟೆವು.

ಜೋಡಿಸುವ ದಿನ ಕಾಟನ್ ಬೆಡ್‌ಶೀಟ್ ಹಾಸಿದ ಮೇಜಿನ ಮೇಲೆ ಎಲ್ಲವನ್ನೂ ಹರಡಿದೆವು. ಪ್ರೊಸೆಸರ್ ನಾಲ್ಕು ಸೆಂಟಿಮೀಟರ್ ಚೌಕದ ಬಿಲ್ಲೆ. ತಿರುಗಿಸಿದರೆ ಬೆನ್ನ ತುಂಬ 1331 ಬಂಗಾರದ ಬಣ್ಣದ ಕಡ್ಡಿಗಳು, ಒತ್ತಾಗಿ ಎದ್ದ ರಾಗಿ ಸಸಿಮಡಿಯ ಹಾಗೆ. ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ. ಬೋರ್ಡಿನ ಸಾಕೆಟ್ಟಿನಲ್ಲೂ ಅಂಥದೇ ಒಂದು. ಸಾಕೆಟ್ಟಿನ ಸನ್ನೆ ಎತ್ತಿ, ತ್ರಿಕೋನಕ್ಕೆ ತ್ರಿಕೋನ ಕೂಡಿಸಿ ಬಿಲ್ಲೆಯನ್ನು ಇಟ್ಟರೆ ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು, ಒತ್ತಬಾರದು. ಮಗ ಉಸಿರು ಹಿಡಿದು ಬೆರಳು ಬಿಟ್ಟ. ಇಳಿಯಿತು. ಸನ್ನೆ ಕೆಳಗಿಳಿಸಿದಾಗ ಆ 1331 ಕಡ್ಡಿಗಳನ್ನೂ ಒಟ್ಟಿಗೆ ಬಿಗಿಹಿಡಿದ ಸಣ್ಣ ಬಿರುಸು ಕೈಗೆ ತಿಳಿಯಿತು ಎಂದ.

ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ 288 ಸಂಪರ್ಕಗಳೇ, ಉದ್ದವೂ ಒಂದೇ. ಆ ಕಚ್ಚಿನ ಜಾಗ ಮಾತ್ರ ಒಂದು ಚೂರು ಆಚೀಚೆ. ತಪ್ಪು ಜಾತಿಯದನ್ನು ತಪ್ಪು ಬೋರ್ಡಿಗೆ ಯಾರೂ ಒತ್ತಿಬಿಡಬಾರದು ಎಂದು ಯೋಚಿಸಿ ಮಾಡಿದ ಕಚ್ಚು ಅದು. ಮುಂದೆಂದೂ ಭೇಟಿಯಾಗದ ಯಾರದೋ ಕೈ ತಪ್ಪಬಾರದೆಂದು ಒಬ್ಬ ಎಂಜಿನಿಯರ್ ವಹಿಸಿದ ಈ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಎರಡು ಪಟ್ಟಿಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದೆವು. ಹಾಗೆ ಹಾಕಿದರೆ ಎರಡೂ ಕಾಲುವೆಯಲ್ಲಿ ಮಾಹಿತಿ ಹರಿಯುತ್ತದೆ.

ನಾಲ್ಕು ದೇಶದ ನಾಲ್ಕು ಕಾರ್ಖಾನೆಯ ಸಾಮಾನು ನಮ್ಮ ಊಟದ ಮೇಜಿನ ಮೇಲೆ ಹೀಗೆ ಕೂಡಿಬರುವುದರ ಹಿಂದೆ ದೊಡ್ಡ ಕಥೆಯಿದೆ. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ತಂದಾಗ ಅದರಲ್ಲಿ ಬೇರೆಯವರ ಕಾರ್ಡು ಹಾಕಲು ಐದು ಸ್ಲಾಟುಗಳಿದ್ದವು, ಒಳಗಿನ ವಿದ್ಯುತ್ ನಕ್ಷೆಯನ್ನೂ ಪುಸ್ತಕವಾಗಿ ಅಚ್ಚು ಹಾಕಿತ್ತು. ಅದರಿಂದಲೇ ಬೇರೆ ಕಂಪನಿಗಳು ಅದಕ್ಕೆ ಹೊಂದುವ ಯಂತ್ರಗಳನ್ನು ಮಾಡತೊಡಗಿದವು. 'ಐಬಿಎಂ ಕಂಪ್ಯಾಟಿಬಲ್' ಎಂಬ ಮಾತು ಹುಟ್ಟಿದ್ದು ಹಾಗೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಗೊತ್ತುಮಾಡಿತು: ಬೋರ್ಡು 305ಕ್ಕೆ 244 ಮಿಲಿಮೀಟರ್, ಸ್ಕ್ರೂ ತೂತುಗಳು ಇಂಥಿಂಥಲ್ಲಿ, ವಿದ್ಯುತ್ತು ಹೀಗೆ. ನಮ್ಮದು ಅದರ ತಮ್ಮ ಮೈಕ್ರೊ ಎಟಿಎಕ್ಸ್, 244ಕ್ಕೆ 244. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಇಟ್ಟಾಗ ಅದರ ತೂತುಗಳೆಲ್ಲ ಕೆಳಗಿನ ಹಿತ್ತಾಳೆ ಗುಬುಟಿಗಳ ಮೇಲೆ ಕರಾರುವಾಕ್ಕಾಗಿ ಬಂದು ಕೂತವು. 1995ರ ಆ ಒಂದು ಒಪ್ಪಂದ ಇನ್ನೂ ಮಾತು ಉಳಿಸಿಕೊಂಡಿದೆ. ಎಲ್ಲವನ್ನೂ ಅಂಟಿಸಿ, ಬೆಸುಗೆ ಹಾಕಿ, ಬಿಚ್ಚಲು ಬಾರದ ಹಾಗೆ ಮಾರುವ ಈ ಕಾಲದಲ್ಲಿ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಟ್ಟಬಹುದಾದ ಯಂತ್ರ ಉಳಿದಿರುವುದು ಈ ಒಪ್ಪಂದದಿಂದ.

ಒಪ್ಪಂದ ಇಲ್ಲದ ಜಾಗಗಳೂ ಇವೆ, ಅಲ್ಲೇ ಎಚ್ಚರ ಬೇಕು. ಬಿಚ್ಚಿ ಹಾಕಬಹುದಾದ ವೈರುಗಳ ಎಸ್‌ಎಂಪಿಎಸ್‌ನಲ್ಲಿ ವೈರಿನ ಆಚೆ ತುದಿ, ಅಂದರೆ ಬೋರ್ಡಿಗೆ ಹೋಗುವ ತುದಿ, ಎಲ್ಲ ಕಂಪನಿಯದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿ ಕಂಪನಿಗೊಂದು ಥರ. ಹಳೆಯ ವೈರು ಹೊಸದಕ್ಕೆ ಸಿಕ್ಕಿಸಿದರೆ ಸರಿಯಾಗಿ ಕೂತಂತೆ ಕಂಡು, ಸ್ವಿಚ್ ಹಾಕಿದ ಕ್ಷಣ ಡಿಸ್ಕು ಸುಟ್ಟೀತು. ಪ್ರೊಸೆಸರಿಗೂ ಕಾರ್ಡಿಗೂ ಎಂಟು ಪಿನ್ನಿನ ಪ್ಲಗ್ಗುಗಳೇ, ನೋಡಲು ಅಣ್ಣತಮ್ಮ. ಆದರೆ ಒಂದರಲ್ಲಿ 12 ವೋಲ್ಟ್ ಬರುವ ಸಾಲಿನಲ್ಲಿ ಇನ್ನೊಂದರಲ್ಲಿ ನೆಲದ ವೈರು. ಪಿನ್ನಿನ ಸುತ್ತ ಚೌಕ, ಗುಂಡು ಆಕಾರ ಕೊಟ್ಟು ಅದಲುಬದಲಾಗದ ಹಾಗೆ ಮಾಡಿದ್ದಾರೆ. ಸುಲಭವಾಗಿ ಹೋಗದಿದ್ದರೆ ಕೈ ತೆಗೆಯಬೇಕು, ಬಲ ಹಾಕಬಾರದು.

ಇನ್ನು ಕೆಲವು ಪೂರ್ತಿ ಒಗ್ಗದಿದ್ದರೂ ಸಾಗುತ್ತವೆ. ಕಾರ್ಡನ್ನು ಬೋರ್ಡಿಗೆ ಕೂಡಿಸುವ ಕೊಂಡಿಯ ಲೆಕ್ಕದಲ್ಲಿ ನಮ್ಮ ಕಾರ್ಡು ಪಿಸಿಐ ಎಕ್ಸ್‌ಪ್ರೆಸ್ 4.0ದು, ಬೋರ್ಡು 3.0ದು. ಕಾರ್ಡು ತನ್ನ ನಡಿಗೆ ತಗ್ಗಿಸಿಕೊಂಡು ಬೋರ್ಡಿನ ಜೊತೆ ಬರುತ್ತದೆ. ಆಟದಲ್ಲಿ ಆಗುವ ನಷ್ಟ ಅಲ್ಪ, ಉಳಿಯುವ ದುಡ್ಡು ಹೆಚ್ಚು.

ಎಲ್ಲ ಆಯಿತು, ಸ್ವಿಚ್ ಒತ್ತಿದ. ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ 'ಸಿಪಿಯು' ಎಂದು ಬರೆದ ಪುಟ್ಟ ಕೆಂಪು ದೀಪ ಆರದೆ ನಿಂತಿತು. ಮಾನಿಟರಿನ ವೈರನ್ನು ಬೋರ್ಡಿಗಲ್ಲ, ಕಾರ್ಡಿಗೇ ಹಾಕಿದ್ದೆವು. ರ‍್ಯಾಮ್ ತೆಗೆದು ಹಾಕಿದೆವು. ರಾತ್ರಿ ಹನ್ನೊಂದರವರೆಗೂ ಹುಡುಕಿದೆವು. ಹುಡುಗ ಮಾತಿಲ್ಲದೆ ಮಲಗಿದ.

ಕಾರಣ ಬೋರ್ಡಿನ ಪೆಟ್ಟಿಗೆಯಲ್ಲಿತ್ತು. ಬಿ450 ಬೋರ್ಡುಗಳು ಹೊರಬಂದದ್ದು 2018ರಲ್ಲಿ; 5600 ಬಂದದ್ದು 2022ರ ಏಪ್ರಿಲ್‌ನಲ್ಲಿ. ಸಾಕೆಟ್ ಒಂದೇ. ಆದರೆ ಬೋರ್ಡು ಎದ್ದೇಳುವಾಗ ಮೊದಲು ಓದುವ ಬಯೋಸ್ ಎಂಬ ಬರಹಕ್ಕೆ ತನಗಿಂತ ಆಮೇಲೆ ಹುಟ್ಟಿದ ಪ್ರೊಸೆಸರಿನ ಗುರುತು ಸಿಗುವುದಿಲ್ಲ. ಹೊಸ ದಾಸ್ತಾನಿನ ಪೆಟ್ಟಿಗೆಗಳ ಮೇಲೆ 'ರೈಜೆನ್ 5000 ರೆಡಿ' ಎಂಬ ಚೀಟಿ ಇರುತ್ತದೆ. ನಮ್ಮದರ ಮೇಲೆ ಇರಲಿಲ್ಲ, ನಾವು ನೋಡಿರಲಿಲ್ಲ, ಮಾರಿದವರು ಹೇಳಿರಲಿಲ್ಲ. ಮಾರನೆಯ ದಿನ ಅದೇ ಅಂಗಡಿಗೆ ಹೋದರೆ ಬೋರ್ಡು ಸರಿಯಾಗಿದೆ, ನೀವೇ ಏನೋ ಮಾಡಿದ್ದೀರಿ ಎಂದರು. ಆ ಮಾತು ಹುಡುಗನಿಗೆ ನೋವು ಕೊಟ್ಟಿತು. ಎರಡು ಕಟ್ಟಡದಾಚೆ, ಮಹಡಿಯ ಮೇಲೆ ರಿಪೇರಿ ಮಾಡುವ ಹಿರಿಯರೊಬ್ಬರು ನಮ್ಮ ಮಾತು ಪೂರ್ತಿ ಕೇಳಿ, "ಹಳೇ ಬಯೋಸು ಸಾರ್, ಹತ್ತು ನಿಮಿಷ" ಎಂದರು. ಡ್ರಾಯರಿನಿಂದ ಹಳೆಯ ರೈಜೆನ್ ಒಂದನ್ನು ತೆಗೆದು ಬೋರ್ಡಿಗೆ ಹಾಕಿದರು, ಪೆನ್‌ಡ್ರೈವಿನಿಂದ ಹೊಸ ಬಯೋಸ್ ಬರೆದರು. ಆಮೇಲೆ ನಮ್ಮ 5600ನ್ನು ಮಗನ ಕೈಗೇ ಕೊಟ್ಟು, "ನೀನೇ ಕೂರಿಸಪ್ಪ" ಎಂದರು. ಈ ಸಲ ಅವನ ಕೈ ನಡುಗಲಿಲ್ಲ. ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಪ್ರೊಸೆಸರಿನ ಹೆಸರು ಮೂಡಿದಾಗ ಅವನು ನನ್ನ ತೋಳು ಹಿಡಿದುಕೊಂಡ.

ಮನೆಗೆ ಬಂದು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದ. ಅದು ಮಾಡದಿದ್ದರೆ 3200 ಎಂದು ಬರೆದ ರ‍್ಯಾಮ್ ಅದಕ್ಕಿಂತ ನಿಧಾನಕ್ಕೆ ಓಡುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಊರಿನ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗಡೆ ಅಪ್ಪ ಬಣ್ಣದಲ್ಲಿ ಬರೆದಿಟ್ಟಿದ್ದಾರೆ: ಬಾವಿಯ ಆಳ, ಮೋಟಾರಿನ ಎಚ್‌ಪಿ, ಸ್ಟೇಜು, ಕೇಬಲ್ಲಿನ ಅಳತೆ, ಇಳಿಸಿದ ತಾರೀಖು. ಮುಂದೆ ಯಾರು ರಿಪೇರಿಗೆ ಬಂದರೂ ಕೇಳಬೇಕಾಗಿಲ್ಲ. ಊರಿಗೆ ಹೊರಡುವ ಮುಂಚೆ ಮೊಮ್ಮಗನಿಗೂ ಅದನ್ನೇ ಹೇಳಿಹೋದರು. ಕ್ಯಾಬಿನೆಟ್ಟಿನ ಪಕ್ಕದ ತಗಡಿನ ಒಳಮೈಗೆ ಒಂದು ಚೀಟಿ ಅಂಟಿದೆ: ಪ್ರೊಸೆಸರ್, ಬೋರ್ಡು, ಬಯೋಸ್ ಸಂಖ್ಯೆ, ರ‍್ಯಾಮ್, ಕಾರ್ಡಿನ ಉದ್ದ, 12 ವೋಲ್ಟಿನ ಆಂಪಿಯರ್, ತಾರೀಖು.

ನೀವೂ ಕಟ್ಟುವವರಿದ್ದರೆ, ಆ ಚೀಟಿಯನ್ನು ಅಂಗಡಿಗೆ ಹೋಗುವ ಮುಂಚೆಯೇ ಬರೆದುಕೊಳ್ಳಿ. ಬೋರ್ಡು ಮಾಡಿದ ಕಂಪನಿ ಯಾವ ಪ್ರೊಸೆಸರಿಗೆ ಎಷ್ಟನೆಯ ಬಯೋಸ್ ಬೇಕು ಎಂಬ ಪಟ್ಟಿಯನ್ನು ತನ್ನ ತಾಣದಲ್ಲಿ ಹಾಕಿರುತ್ತದೆ. ಆ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಪೆಟ್ಟಿಗೆ ಕೈಗೆ ತೆಗೆದುಕೊಳ್ಳುವಾಗ ಕೇಳಿ, ದುಡ್ಡು ಆಮೇಲೆ ಕೊಡಿ.